ಪದಗಳ ಬೇಟೆ

ಬೇಟೆಯೆಂದರೆ ಬಂದೂಕು, ನಾಯಿ, ತಮಟೆ ಬಡಿಯುವ ಸೋವಿನವರು ಇವೆಲ್ಲ ನೆನಪಾಗುವುದು ಸಹಜ. ನಾನು ಹೇಳಹೊರಟಿರುವ ಬೇಟೆಗೆ ಇವು ಯಾವುವೂ ಬೇಡ. ಅಂಗೈಯಗಲದ ಕಾಗದ, ಒಂದು ಮೋಟು ಪೆನ್ಸಿಲು, ಕೇಳಲು ಸಂಕೋಚಪಡದ ಒಂದು ನಾಲಗೆ, ಇಷ್ಟಿದ್ದರೆ ಸಾಕು. ಆದರೂ ಈ ಬೇಟೆಯಲ್ಲಿ ಗುರಿ ತಪ್ಪುವುದು ಉಳಿದ ಬೇಟೆಗಳಿಗಿಂತ ಸುಲಭ. ತಪ್ಪಿದವನು ನಾನೇ ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಪ್ರೌಢಶಾಲೆಯೊಂದರವರು ರಾಜ್ಯೋತ್ಸವದ ಸಲುವಾಗಿ ಮಕ್ಕಳಿಗೆ ಏನಾದರೊಂದು ಸ್ಪರ್ಧೆ ನಡೆಸಿಕೊಡಬೇಕೆಂದು ಕೇಳಿಕೊಂಡರು. ಮೇಷ್ಟರ ಕೆಲಸದಿಂದ ನಿವೃತ್ತನಾದವನಿಗೆ ಮತ್ತೆ ಸೀಮೆಸುಣ್ಣ ಹಿಡಿಯುವ ಆಸೆ ಎಲ್ಲಿ ಹೋದೀತು? ಒಪ್ಪಿಕೊಂಡೆ. ‘ಪದಬೇಟೆ’ ಎಂದು ಹೆಸರಿಟ್ಟೆ. ಒಂದು ವಾರದೊಳಗೆ, ಇತರರಿಗೆ ಗೊತ್ತಿರದಂಥ ಕನ್ನಡ ಪದಗಳನ್ನು ಅರ್ಥಸಹಿತವಾಗಿ ಯಾರು ಹೆಚ್ಚು ತರುತ್ತಾರೋ ಅವರಿಗೆ ಬಹುಮಾನ; ನಿಯಮವೆಂದರೆ ಇಷ್ಟೆ.

ವಾರ ಕಳೆಯಿತು. ಮೊದಲನೆಯ ಬಹುಮಾನ ಪಡೆದ ಹುಡುಗ ಮುನ್ನೂರಕ್ಕೂ ಮಿಕ್ಕಿ ಪದಗಳನ್ನು ತಂದಿದ್ದ. ನೋಡುತ್ತೇನೆ, ಎಲ್ಲವೂ ‘ಅ’ಕಾರದವು! ಅವನ ಮನೆಯಲ್ಲಿ ದೊಡ್ಡ ನಿಘಂಟೊಂದಿತ್ತು. ಪಾಪ, ವಾರದೊಳಗೆ ‘ಆ’ ತಲುಪಲು ಸಮಯ ಸಾಲಲಿಲ್ಲ. ‘ಅಲರ್’ ಎಂದರೇನೆಂದು ಕೇಳಿದರೆ ‘ಹೂವು’ ಎಂದು ಥಟ್ಟನೆ ಹೇಳಿದ. ಅದನ್ನು ಎಲ್ಲಿ ಕಂಡೆಯಪ್ಪಾ ಎಂದರೆ, “ಎಡಗಡೆ ಪುಟದಲ್ಲಿ, ಸಾರ್” ಎಂದ. ನಾನು ಇಟ್ಟ ನಿಯಮಕ್ಕೆ ಅವನು ಚಾಚೂ ತಪ್ಪದೆ ನಡೆದಿದ್ದ, ಅವನಲ್ಲಿ ದೋಷವೇನಿಲ್ಲ.

ಇನ್ನೊಬ್ಬಳು ಹುಡುಗಿ ಹದಿನಾಲ್ಕೇ ಪದಗಳನ್ನು ಬರೆದುಕೊಂಡು ಬಂದಿದ್ದಳು. ಎಲ್ಲ ಅಡಿಗೆಮನೆಯವು, ಹಿತ್ತಲಿನವು. ಅವುಗಳಲ್ಲಿ ಒಂದು ‘ವನೆಯೋದು’. ‘ಒನಕೆ’ಯನ್ನು ತಪ್ಪಾಗಿ ಬರೆದಿದ್ದಾಳೆಂದುಕೊಂಡು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಅವಳು ಎದ್ದು ನಿಂತು, “ನಮ್ಮಜ್ಜಿ ಹಾಗೇ ಅನ್ನೋದು ಸಾರ್” ಎಂದಳು. “ಅಜ್ಜಿ ಅಂದದ್ದೆಲ್ಲ ಕನ್ನಡವಾಗುವುದಿಲ್ಲಮ್ಮಾ” ಎಂದೆ. ತರಗತಿ ನಕ್ಕಿತು. ನಾನೂ ನಕ್ಕೆ. ಅವಳು ಕುಳಿತುಕೊಂಡಳು.

ಸಂಜೆ ಮನೆಯಲ್ಲಿ ಇದನ್ನೊಂದು ತಮಾಷೆಯಾಗಿ ನಮ್ಮಕ್ಕನಿಗೆ ಹೇಳಿದೆ. ಅಕ್ಕ ನಗಲಿಲ್ಲ. ಅಟ್ಟದ ಮೇಲಿದ್ದ ಮೊರವನ್ನು ಇಳಿಸಿ, ಧೂಳು ಕೊಡವಿ, ಎರಡು ಹಿಡಿ ಅಕ್ಕಿ ಹಾಕಿಕೊಂಡು ಬಂದು ನನ್ನೆದುರಿಗೆ ಕುಳಿತಳು. “ಕಣದಲ್ಲಿ ಎತ್ತರ ನಿಂತು ಗಾಳಿಗೆ ಬಿಡ್ತಾರಲ್ಲ, ಅದು ತೂರೋದು. ಹೊಟ್ಟು ಮುಂದಕ್ಕೆ ಹಾರೋ ಹಾಗೆ ಮೊರ ಎತ್ತಿ ಎತ್ತಿ ಹಾಕೋದು ಕೇರೋದು. ಹೀಗೆ ಎತ್ತದೆ, ಅತ್ತ ಇತ್ತ ಆಡಿಸಿ, ನುಚ್ಚು ಕಲ್ಲು ಬೇರೆ ಮಾಡ್ತೀವಲ್ಲ, ಇದು ಒನೆಯೋದು. ನೀನು ಐವತ್ತು ವರ್ಷ ಕನ್ನಡ ಪಾಠ ಹೇಳಿ ಏನು ಬಂತು?” ಎಂದಳು. ಐವತ್ತಲ್ಲ, ಮೂವತ್ತಾರೇ ವರ್ಷ. ಆದರೆ ಅದನ್ನು ತಿದ್ದುವ ಸಮಯ ಅದಾಗಿರಲಿಲ್ಲ. ಮೂರು ಕೆಲಸ, ಮೂರು ಕೈಚಳಕ, ಮೂರು ಮಾತು. ನಾನು ಮೂರನ್ನೂ ‘ಶುದ್ಧಿಮಾಡು’ ಎಂಬ ಒಂದೇ ಪದದಲ್ಲಿ ಮುಗಿಸುತ್ತಿದ್ದೆ.

ಈ ಅವಮಾನದಿಂದಲೇ, ನನಗಿಂತ ಮೊದಲು ಪದಗಳ ಬೇಟೆಗೆ ಹೊರಟವರು ಏನೇನು ಮಾಡಿದರು, ಎಲ್ಲೆಲ್ಲಿ ಎಡವಿದರು ಎಂದು ತಿಳಿದುಕೊಳ್ಳುವ ಹಟ ಹುಟ್ಟಿತು. ತಿಳಿದಷ್ಟೂ ಸಮಾಧಾನವಾಯಿತು. ನಾನು ಬಿದ್ದ ಹಳ್ಳದಲ್ಲಿ ನನಗಿಂತ ಬಹಳ ದೊಡ್ಡವರು ಬಿದ್ದು ಎದ್ದಿದ್ದರು.

ಲಂಡನ್ನಿನ ಫಿಲಲಾಜಿಕಲ್ ಸೊಸೈಟಿ ಎಂಬ ಭಾಷಾಸಂಘ ೧೮೫೭ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದರ ಕೆಲಸ, ಅಂದಿನ ಇಂಗ್ಲಿಷ್ ನಿಘಂಟುಗಳಲ್ಲಿ ಸೇರದೆ ಬಿಟ್ಟುಹೋದ ಪದಗಳನ್ನು ಮಾತ್ರ ಹುಡುಕಿ ತರುವುದು. ಅಂದರೆ ನನ್ನ ಪದಬೇಟೆಯ ನಿಯಮವೇ! ಹುಡುಕಲು ಹೊರಟಮೇಲೆ, ಬಿಟ್ಟುಹೋದ ಪದಗಳಿಗಿಂತ ಸೇರಿರುವ ಪದಗಳ ಗತಿಯೇ ಶೋಚನೀಯವಾಗಿದೆ, ಅವುಗಳ ಚರಿತ್ರೆ ಯಾರಿಗೂ ತಿಳಿಯದು ಎಂದು ಕಂಡಿತು. ಮರುವರ್ಷವೇ ಇಡೀ ಭಾಷೆಗೆ ಹೊಸ ನಿಘಂಟು ಬೇಕೆಂದು ನಿಶ್ಚಯವಾಯಿತು. ಮೊದಲನೆಯ ಸಂಪಾದಕ ಹರ್ಬರ್ಟ್ ಕೋಲ್‌ರಿಜ್, ಕವಿ ಕೋಲ್‌ರಿಜ್ಜನ ಮೊಮ್ಮಗ. ಚೀಟಿಗಳನ್ನು ವಿಂಗಡಿಸಿಡಲು ಐವತ್ತನಾಲ್ಕು ಗೂಡುಗಳ ಕಪಾಟನ್ನು ಮಾಡಿಸಿಕೊಂಡ. ೧೮೬೧ರಲ್ಲಿ, ಮೂವತ್ತನೆಯ ವಯಸ್ಸಿನಲ್ಲೇ, ತೀರಿಕೊಂಡ. ಅವನ ಅನಂತರ ಬಂದ ಫರ್ನಿವಾಲ್ ಉತ್ಸಾಹದ ಬುಗ್ಗೆ. ಆದರೆ ಬುಗ್ಗೆಯ ನೀರನ್ನು ಕಾಲುವೆಗೆ ತಿರುಗಿಸುವ ತಾಳ್ಮೆ ಆತನಲ್ಲಿರಲಿಲ್ಲ. ಕೆಲಸ ಊರೂರಿನಲ್ಲಿ ಚೆಲ್ಲಿಹೋಯಿತು.

೧೮೭೯ರಲ್ಲಿ ಇದು ಒಬ್ಬ ಶಾಲಾಮಾಸ್ತರರ ಕೈಗೆ ಬಂತು. ಜೇಮ್ಸ್ ಮರ್ರೆ ಸ್ಕಾಟ್ಲೆಂಡಿನ ಒಬ್ಬ ದರ್ಜಿಯ ಮಗ. ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟವರು. ಲಂಡನ್ನಿನ ಹತ್ತಿರದ ಮಿಲ್ ಹಿಲ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಶಾಲೆಯ ತೋಟದಲ್ಲಿ ತಗಡಿನ ಕೊಟ್ಟಿಗೆಯೊಂದನ್ನು ಹಾಕಿಸಿ, ಒಳಗೆ ಸಾವಿರಕ್ಕೂ ಹೆಚ್ಚು ಗೂಡುಗಳನ್ನು ಜೋಡಿಸಿಕೊಂಡು ಕುಳಿತರು. ಫರ್ನಿವಾಲ್ ಕಳುಹಿಸಿದ ಹಳೆಯ ಚೀಟಿಗಳು ಬಂದಿಳಿದವು. ತೂಕ ಸುಮಾರು ಎರಡು ಟನ್ನು. ಒಂದು ಮೂಟೆಯಲ್ಲಿ ಸತ್ತ ಇಲಿ ಇತ್ತು. ಇನ್ನೊಂದರಲ್ಲಿ ಬದುಕಿದ್ದ ಇಲಿಯೊಂದು ಮರಿಗಳೊಡನೆ ಸಂಸಾರ ಹೂಡಿತ್ತು. ‘ಎಚ್’ ಅಕ್ಷರ ಪೂರ್ತಿಯಾಗಿ ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಸಿಕ್ಕಿತು. ‘ಪಿಎ’ಯಿಂದ ಆರಂಭವಾಗುವ ಪದಗಳ ಚೀಟಿಗಳನ್ನು ಐರ್ಲೆಂಡಿನ ಕುದುರೆ ಲಾಯವೊಂದರಲ್ಲಿ ಪತ್ತೆಮಾಡುವ ಹೊತ್ತಿಗೆ ಬಹುಭಾಗ ಒಲೆ ಹೊತ್ತಿಸಲು ಖರ್ಚಾಗಿತ್ತು. ನಮ್ಮ ತಾಳೆಗರಿಗಳ ಕಥೆ ಬಲ್ಲವರಿಗೆ ಇದು ಹೊಸದಲ್ಲ; ಒಲೆಗೆ ದೇಶಭಾಷೆಗಳ ಭೇದವಿಲ್ಲ.

ಮರ್ರೆಯವರು ಇಂಗ್ಲಿಷ್ ಓದಬಲ್ಲ ಸಮಸ್ತರಿಗೂ ಒಂದು ವಿನಂತಿಪತ್ರ ಅಚ್ಚುಹಾಕಿಸಿ ಹಂಚಿದರು. ಒಂದು ಪುಸ್ತಕ ಹಿಡಿಯಿರಿ, ಓದಿ, ಕಂಡ ಪದವನ್ನು ಅರ್ಧ ಹಾಳೆಯ ಎಡಮೂಲೆಯಲ್ಲಿ ಬರೆಯಿರಿ. ಕೆಳಗೆ ಅದು ಬಂದ ವಾಕ್ಯ, ವರ್ಷ, ಕರ್ತೃ, ಪುಸ್ತಕ, ಪುಟ. ಅರ್ಥ ಬರೆಯಬೇಕೆಂಬ ಒತ್ತಾಯವಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಅರ್ಥ ಆಮೇಲಿನ ಮಾತು. ಪದ ಯಾರ ಬಾಯಲ್ಲಿ, ಯಾವ ಮಾತಿನ ನಡುವೆ ಸಿಕ್ಕಿತು ಎಂಬುದು ಮೊದಲು. ನಾನಾದರೋ ಅರ್ಥ ಮಾತ್ರ ಕೇಳಿ ಉಳಿದುದನ್ನು ಬಿಟ್ಟಿದ್ದೆ.

ಚೀಟಿಗಳು ಬರತೊಡಗಿದಾಗ ಮರ್ರೆಯವರಿಗೂ ನನ್ನ ‘ಅ’ಕಾರದ ಹುಡುಗನ ದರ್ಶನವಾಯಿತು. ಓದುಗರು ಅಪರೂಪದ ಪದಗಳನ್ನೇ ಆರಿಸಿ ಕಳುಹಿಸುತ್ತಿದ್ದರು. ದಿನಬಳಕೆಯ ‘ಅಬ್ಯೂಸ್’ ಎಂಬ ಪದಕ್ಕೆ ಐದು ಚೀಟಿಗಳೂ ಇಲ್ಲ. ಯಾರೂ ಬಳಸದ ‘ಅಬ್ಯೂಷನ್’ ಎಂಬುದಕ್ಕೆ ಸುಮಾರು ಐವತ್ತು! ಕಾಡಿನಲ್ಲಿ ನವಿಲನ್ನೇ ಹುಡುಕುತ್ತ ಹೋದವನಿಗೆ ಅಂಗಳದ ಗುಬ್ಬಿ ಕಾಣಲಿಲ್ಲ. ಬಿಟ್ಟುಹೋದ ಸಾಮಾನ್ಯ ಪದಗಳನ್ನು ಹುಡುಕಲು ಮರ್ರೆ ಮತ್ತು ಅವರ ಸಹಾಯಕರು ಹಳೆಯ ಪುಸ್ತಕಗಳನ್ನು ಮತ್ತೆ ತಡಕಬೇಕಾಯಿತು.

ಈ ಕೆಲಸದಲ್ಲಿ ಮಕ್ಕಳ ಪಾಲೂ ಇತ್ತು. ಮರ್ರೆ ದಂಪತಿಗಳಿಗೆ ಹನ್ನೊಂದು ಮಕ್ಕಳು. ಓದು ಕಲಿತ ಮಗು ಚೀಟಿಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಲು ಕೂರಲೇಬೇಕು. ಕೈಖರ್ಚಿಗೆ ಗಂಟೆಗೆ ಒಂದು ಪೆನ್ನಿಯಂತೆ ಆರಂಭ, ವಯಸ್ಸಾದಂತೆ ಬಡ್ತಿ. ಅವರ ಹೆಣ್ಣುಮಕ್ಕಳಲ್ಲಿ ಇಬ್ಬರು ಮುಂದೆ ನಿಘಂಟಿನ ಕಚೇರಿಯಲ್ಲೇ ಕೆಲಸಕ್ಕೆ ನಿಂತರು. ಮರ್ರೆಯವರು ೧೯೧೫ರಲ್ಲಿ ತೀರಿಕೊಂಡರು. ನಿಘಂಟು ಮುಗಿದದ್ದು ೧೯೨೮ರಲ್ಲಿ. ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಪದಗಳು, ಹದಿನೆಂಟು ಲಕ್ಷಕ್ಕೂ ಹೆಚ್ಚು ಪ್ರಯೋಗಗಳು. ಇದು ಪಂಡಿತರ ನಿಘಂಟೆಂದು ಹೆಸರಾಗಿದೆ. ಸಾಮಾನ್ಯ ಓದುಗರ ನಿಘಂಟೆಂದರೂ ತಪ್ಪಲ್ಲ.

ಆದರೆ ಇದೆಲ್ಲ ಪುಸ್ತಕದ ಬೇಟೆ. ನನ್ನ ಹುಡುಗಿಯ ಅಜ್ಜಿ ಯಾವ ಪುಸ್ತಕದ ಯಾವ ಪುಟದಲ್ಲಿದ್ದಾಳೆ? ಅವಳನ್ನು ಹುಡುಕಿಕೊಂಡು ಹೋದವರ ಕಥೆ ಐರ್ಲೆಂಡಿನದು. ಅದನ್ನು ಓದಿದ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನ ಎಷ್ಟೋ ಕಡೆ ಶಾಲೆಗೆ ಹೋಗುವ ಮಗುವಿನ ಕೊರಳಿಗೆ ಒಂದು ಕಡ್ಡಿ ಕಟ್ಟುತ್ತಿದ್ದರು. ಮಗು ಮನೆಮಾತಾದ ಐರಿಷ್ ಆಡಿದಾಗಲೆಲ್ಲ ಕಡ್ಡಿಯ ಮೇಲೆ ಒಂದು ಕಚ್ಚು. ಸಂಜೆ ಕಚ್ಚುಗಳನ್ನು ಎಣಿಸಿ ಅಷ್ಟು ಏಟು. ಮಗು ಇಂಗ್ಲಿಷ್ ಕಲಿತು ಬದುಕಿಕೊಳ್ಳಲಿ ಎಂಬ ಆಸೆಯಿಂದ ತಂದೆತಾಯಿಗಳೂ ಇದಕ್ಕೆ ಒಪ್ಪಿಗೆ ಕೊಟ್ಟವರೇ. ಇಂಥ ದೇಶ ಸ್ವತಂತ್ರವಾದ ಮೇಲೆ, ೧೯೩೫ರಲ್ಲಿ, ಜಾನಪದ ಸಂಗ್ರಹಕ್ಕಾಗಿ ಒಂದು ಆಯೋಗವನ್ನು ಸ್ಥಾಪಿಸಿತು. ಷೇಮಸ್ ಓ ಡುಲಾರ್ಗ ಅದರ ನಿರ್ದೇಶಕರು. ಹಿಂದೆ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ಷಾನ್ ಓ ಸೂಲಿವಾನ್ ಅದರ ದಫ್ತರು ನೋಡಿಕೊಳ್ಳುವವರು. ಆಯೋಗಕ್ಕೆ ನೌಕರರು ಕಡಿಮೆ, ಹಣ ಇನ್ನೂ ಕಡಿಮೆ, ಮುದುಕರು ದಿನಕ್ಕೊಬ್ಬರಂತೆ ಹೋಗುತ್ತಿದ್ದಾರೆ. ಏನು ಮಾಡಬೇಕು?

ಮಕ್ಕಳನ್ನು ಕಳುಹಿಸಿದರು. ವಿದ್ಯಾ ಇಲಾಖೆಯನ್ನೂ ಉಪಾಧ್ಯಾಯರ ಸಂಘವನ್ನೂ ಒಪ್ಪಿಸಿ, ೧೯೩೭–೩೮ರಲ್ಲಿ ಐದು ಸಾವಿರದಷ್ಟು ಪ್ರಾಥಮಿಕ ಶಾಲೆಗಳಲ್ಲಿ ಐದು, ಆರನೆಯ ತರಗತಿಗಳ ಮಕ್ಕಳಿಗೆ ವಾರದ ಪ್ರಬಂಧದ ಬದಲು ಈ ಕೆಲಸ ಕೊಟ್ಟರು. ಮೇಷ್ಟರು ವಾರಕ್ಕೊಂದು ವಿಷಯವನ್ನು ಕರಿಹಲಗೆಯ ಮೇಲೆ ಬರೆಯುವರು: ಹಿಂದೆ ರೊಟ್ಟಿ ಹೇಗೆ ಸುಡುತ್ತಿದ್ದರು, ಕಮ್ಮಾರನ ಕುಲುಮೆ ಎಲ್ಲಿತ್ತು, ಮಳೆ ಬರುವುದಕ್ಕೆ ಮುಂಚೆ ಏನೇನು ಲಕ್ಷಣ, ನಿಮ್ಮ ಹೊಲಗಳಿಗೆ ಏನು ಹೆಸರು, ಹೂತಿಟ್ಟ ನಿಧಿಯ ಕಥೆ ಯಾವುದು. ಮಗು ಮನೆಗೆ ಹೋಗಿ ತಾತನನ್ನೋ ನೆರೆಮನೆಯ ಅಜ್ಜಿಯನ್ನೋ ಕೇಳುವುದು. ಅವರಾಡಿದಂತೆ ಬರೆದು ತರುವುದು. ಹೇಳಿದವರ ಹೆಸರು, ಊರು, ವಯಸ್ಸುಗಳನ್ನು ಕೊನೆಯಲ್ಲಿ ಕಾಣಿಸುವುದು. ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಬರೆದರು. ಕಾಪಿ ಪುಸ್ತಕಗಳೂ ಸೇರಿ ಏಳು ಲಕ್ಷಕ್ಕೂ ಮಿಕ್ಕ ಪುಟಗಳು. ಡಬ್ಲಿನ್ನಿನ ವಿಶ್ವವಿದ್ಯಾಲಯದಲ್ಲಿ ಅವು ಭದ್ರವಾಗಿವೆ. ತಮ್ಮ ಅಜ್ಜಿಯ ಅಕ್ಷರವನ್ನು, ಆಕೆ ಹನ್ನೆರಡು ವರ್ಷದವಳಾಗಿದ್ದಾಗ ಆಕೆಯ ಅಜ್ಜಿಯನ್ನು ಕೇಳಿ ಬರೆದದ್ದನ್ನು, ಇಂದು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು.

ಡಬ್ಲಿನ್, ಕಾರ್ಕ್ ಮೊದಲಾದ ದೊಡ್ಡ ನಗರಗಳ ಶಾಲೆಗಳಿಗೆ ಈ ಕೆಲಸದಿಂದ ವಿನಾಯಿತಿ ಕೊಟ್ಟಿದ್ದರಂತೆ. ನಗರದಲ್ಲೇನು ಸಿಕ್ಕೀತೆಂಬ ಭಾವನೆ ಇರಬೇಕು. ಇದೊಂದನ್ನು ಮಾತ್ರ ನಾನು ಒಪ್ಪಲಾರೆ. ನಗರದಲ್ಲಿ ಅಜ್ಜಿಯರಿಲ್ಲವೆ?

ನಮ್ಮಲ್ಲೂ ಇಂಥ ಬೇಟೆಗಾರರು ಇಲ್ಲದಿಲ್ಲ. ೧೮೫೩ರಲ್ಲಿ ಜರ್ಮನಿಯಿಂದ ಬಂದ ಕಿಟ್ಟೆಲರು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದ ನಿಘಂಟಿನಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳಿವೆ. ಗ್ರಂಥಗಳಿಂದ ಆರಿಸಿದವುಗಳ ಜೊತೆಗೇ ಜನರ ಬಾಯಿಂದ ಕೇಳಿದವುಗಳೂ ಇವೆ. ಇದು ಮೈಸೂರು ಸೀಮೆಯದು, ಇದು ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯುತ್ತಿದ್ದ ಧಾರವಾಡದ ಕಡೆಯದು ಎಂದು ಸಂಕ್ಷೇಪಾಕ್ಷರಗಳಲ್ಲಿ ಗುರುತು ಹಾಕಿದ್ದಾರೆ. ಆ ಪುಟ್ಟ ಗುರುತುಗಳನ್ನು ನಾನು ಮೂವತ್ತು ವರ್ಷ ಕಣ್ಣಾರೆ ನೋಡಿಯೂ ನೋಡಿರಲಿಲ್ಲ. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಲ್ಲಿ ೧೯೯೫ರಲ್ಲಿ ಮುಗಿಯಿತು. ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಆರಿಸಿಕೊಟ್ಟ ಆ ಮಹಾಕಾರ್ಯದ ಮುಂದೆ ತಲೆಬಾಗಲೇಬೇಕು. ಪಕ್ಕದ ಆಂಧ್ರದಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಇನ್ನೊಂದು ದಾರಿ ಹಿಡಿದರು. ರೈತರ ಬಳಿಗೇ ಹೋಗಿ, ನೇಗಿಲಿಗೆ, ನೊಗಕ್ಕೆ, ಕಣಕ್ಕೆ ಸೇರಿದ ಮಾತುಗಳನ್ನು ಸೀಮೆಸೀಮೆಗೂ ಕೇಳಿಸಿ, ೧೯೬೨ರಲ್ಲಿ ವ್ಯವಸಾಯದ ವೃತ್ತಿಪದಕೋಶವನ್ನು ಹೊರತಂದರು.

ಮರುವರ್ಷ ಅದೇ ಶಾಲೆಯವರು ಮತ್ತೆ ಕರೆದರು. ಈ ಬಾರಿ ನಿಯಮ ಬದಲಾಯಿಸಿದೆ. ನಿಘಂಟು ಮುಟ್ಟಕೂಡದು. ಒಬ್ಬೊಬ್ಬರಿಗೂ ಹತ್ತೇ ಚೀಟಿ. ಚೀಟಿಯಲ್ಲಿ ನಾಲ್ಕು ಸಾಲು: ಪದ, ಅದು ಬಂದ ಮಾತು, ಕೇಳಿದ ಸ್ಥಳ, ಹೇಳಿದವರು. ನಾಲ್ಕರಲ್ಲಿ ಒಂದು ಖಾಲಿಯಿದ್ದರೂ ಚೀಟಿ ಲೆಕ್ಕಕ್ಕಿಲ್ಲ. ಅಪರೂಪದ ಪದವೇ ಆಗಬೇಕೆಂಬ ಕಟ್ಟಿಲ್ಲ. ಬಹುಮಾನವೂ ಇಲ್ಲ, ಕೊನೆಯ ದಿನ ಎಲ್ಲರಿಗೂ ಕೋಸಂಬರಿ, ಪಾನಕ.

ಮೊದಲ ಎರಡು ದಿನ ಯಾರೂ ಏನೂ ತರಲಿಲ್ಲ, ನಾನು ಹೆದರಿದೆ. ಮೂರನೆಯ ದಿನದಿಂದ ಬಂದವು. ಹೂವಾಡಗಿತ್ತಿಯಿಂದ ಮೊಳ, ಮಾರು, ದಿಂಡು. ಬೀದಿಯ ಮೂಲೆಯಲ್ಲಿ ಚಪ್ಪಲಿ ಹೊಲಿಯುವವರಿಂದ ಉಳಿ, ರಂಪಿಗೆ. ಶಾಲೆಯ ಪಕ್ಕದಲ್ಲೇ ಮನೆಯೊಂದು ಏಳುತ್ತಿತ್ತು. ಅಲ್ಲಿಂದ ಒಬ್ಬ ಹುಡುಗ ಕರಣೆ, ಗಾರೆ, ಸಾರಣೆ, ರಸಮಟ್ಟ, ತೂಗುಗುಂಡು ಎಲ್ಲವನ್ನೂ ಹೊತ್ತು ತಂದ. ಆರು ತಿಂಗಳಿಂದ ದಿನಕ್ಕೆರಡು ಸಲ ಆ ಮರಳಿನ ರಾಶಿ ಹತ್ತಿ ಇಳಿದು ಹೋಗುತ್ತಿದ್ದವನು, ಗಾರೆಯವರೊಡನೆ ಮಾತಾಡಿದ್ದು ಅದೇ ಮೊದಲಂತೆ. “ಇದನ್ನೆಲ್ಲ ಬರೆದುಕೊಂಡು ಏನು ಮಾಡ್ತೀರಪ್ಪಾ?” ಎಂದು ಗಾರೆಯವರು ಕೇಳಿದರಂತೆ. ಹೇಳಿದವರ ಹೆಸರೂ ಬರೆಯಬೇಕೆಂದು ಹುಡುಗ ಹೇಳಿದಾಗ, ಚೀಟಿಯನ್ನು ಕೈಗೆ ತೆಗೆದುಕೊಂಡು ನೋಡಿ, ತಮ್ಮ ಹೆಸರಿನ ಒತ್ತಕ್ಷರವನ್ನು ತಾವೇ ತಿದ್ದಿಕೊಟ್ಟರು. ಆ ಚೀಟಿಯಲ್ಲಿ ಸಿಮೆಂಟಿನ ಬೆರಳಗುರುತು ಇನ್ನೂ ಇದೆ.

ಜಗಳವೂ ಆಯಿತು. ಒಬ್ಬಳು ‘ಮೊರ’ ಎಂದು ಬರೆದಿದ್ದಳು. ಮಲೆನಾಡಿನ ಕಡೆಯ ಹುಡುಗನೊಬ್ಬ ಅದು ‘ಗೆರಸೆ’ ಎಂದ. ಮಂಗಳೂರಿನ ಕಡೆಯವಳು ‘ತಡಪೆ’ ಎಂದಳು. ಯಾವುದು ಸರಿ ಸಾರ್ ಎಂದು ಮೂವರೂ ನನ್ನ ಮುಖ ನೋಡಿದರು. ಹಿಂದಿನ ವರ್ಷವಾಗಿದ್ದರೆ ಥಟ್ಟನೆ ತೀರ್ಪು ಕೊಟ್ಟುಬಿಡುತ್ತಿದ್ದೆ. ಈಗ ಅವರಿಗೆ ಗಿಯೋರ್ಗ್ ವೆಂಕರನ ಕಥೆ ಹೇಳಿದೆ. ಜರ್ಮನಿಯ ಈ ತರುಣ ೧೮೭೬ರಲ್ಲಿ ರೈನ್ ನದಿಯ ಸೀಮೆಯ ಶಾಲಾಮಾಸ್ತರರಿಗೆ ನಲವತ್ತರಷ್ಟು ಸಣ್ಣ ವಾಕ್ಯಗಳನ್ನು ಕಳುಹಿಸಿದ. ಚಳಿಗಾಲದಲ್ಲಿ ಒಣಗಿದ ಎಲೆ ಹಾರುವುದು, ಹಾಲು ಕಾಯಲೆಂದು ಒಲೆಗೆ ಇದ್ದಿಲು ಹಾಕುವುದು, ಕುದುರೆಯೊಡನೆ ಮುದುಕನೊಬ್ಬ ಮಂಜುಗಡ್ಡೆಯಲ್ಲಿ ಸಿಕ್ಕಿಬೀಳುವುದು, ಇಂಥ ಸಾದಾ ಸಂಗತಿಗಳು. ಅವನ್ನು ನಿಮ್ಮೂರಿನ ಆಡುಮಾತಿಗೆ ತಿರುಗಿಸಿ ಕಳುಹಿಸಿ, ನೀವು ಆ ಊರಿನವರಲ್ಲದಿದ್ದರೆ ನಿಮ್ಮ ಮಕ್ಕಳನ್ನು ಕೇಳಿ ಬರೆಯಿರಿ ಎಂದ. ಕೆಲಸ ಬೆಳೆಯುತ್ತ ಜರ್ಮನಿಯ ನಲವತ್ತು ಸಾವಿರಕ್ಕೂ ಹೆಚ್ಚು ಶಾಲೆಗಳಿಂದ ಉತ್ತರ ಬಂತು. ಒಂದು ಆಡುಮಾತು ಇಲ್ಲಿಗೆ ಮುಗಿಯಿತು, ಇನ್ನೊಂದು ಇಲ್ಲಿಂದ ಆರಂಭ ಎಂದು ನಕ್ಷೆಯ ಮೇಲೆ ಗೆರೆ ಎಳೆಯಬಹುದೆಂದು ಅವನು ಎಣಿಸಿದ್ದ. ಗೆರೆ ಎಳೆಯಹೋದರೆ, ಒಂದೊಂದು ಪದದ ಎಲ್ಲೆಯೂ ಒಂದೊಂದು ಕಡೆ! ತಾನು ಬರೆದ ಮೊದಲ ಪುಸ್ತಕವನ್ನು ೧೮೭೭ರಲ್ಲಿ ರೈನ್ ಸೀಮೆಯ ಉಪಾಧ್ಯಾಯರಿಗೇ ಅರ್ಪಿಸಿದ.

ಮೂರು ಚೀಟಿಗಳನ್ನೂ ಒಂದೇ ಗೂಡಿಗೆ ಹಾಕಿದೆವು. ಗೂಡೆಂದರೆ ಬೆಂಕಿಪೊಟ್ಟಣಗಳ ಖಾಲಿ ಪೆಟ್ಟಿಗೆ. ಮರ್ರೆಯವರ ವೈಭವ ನಮಗೆಲ್ಲಿಂದ ಬರಬೇಕು? ಒಟ್ಟು ಐನೂರಕ್ಕೆ ನಾಲ್ಕು ಕಡಿಮೆ ಚೀಟಿಗಳಾದವು. ಅವುಗಳಲ್ಲಿ ‘ಕೇರು’ ಎರಡು ಸಲ ಬಂದಿತ್ತು, ‘ತೂರು’ ಒಂದು ಸಲ. ‘ಒನೆ’ ಬಂದಿರಲಿಲ್ಲ.

ಹಿಂದಿನ ವರ್ಷದ ಆ ಹುಡುಗಿಗಾಗಿ ಮೊದಲ ದಿನವೇ ಕಣ್ಣಾಡಿಸಿದ್ದೆ. ತಂದೆಗೆ ವರ್ಗವಾಗಿ ಬೇಸಗೆಯಲ್ಲೇ ಊರು ಬಿಟ್ಟಿದ್ದರಂತೆ. ಯಾವ ಊರಿಗೆಂದು ಅವಳ ಗೆಳತಿಯರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಜ್ಜಿ ಅವರ ಜೊತೆಗೇ ಇದ್ದರೋ, ಹಳ್ಳಿಯಲ್ಲಿದ್ದರೋ, ಆಕೆಯ ಹೆಸರೇನೋ, ಯಾರೂ ಹೇಳಲಿಲ್ಲ. ಕೇಳಬೇಕಾಗಿದ್ದವನು ಕೇಳಬೇಕಾದಾಗ ನಗುತ್ತಿದ್ದ.

ಪಾನಕ ಮುಗಿದು ಮಕ್ಕಳು ಹೋದಮೇಲೆ ನಾನೇ ಒಂದು ಚೀಟಿ ತೆಗೆದುಕೊಂಡೆ. ಮೊದಲನೆಯ ಸಾಲಿನಲ್ಲಿ ‘ಒನೆ’ ಎಂದು ಬರೆದೆ. ಎರಡನೆಯದರಲ್ಲಿ ನಮ್ಮಕ್ಕ ಆಡಿದ ಮಾತು. ಮೂರನೆಯದರಲ್ಲಿ, ಒಂಬತ್ತನೆಯ ತರಗತಿ, ಕಿಟಕಿಯ ಕಡೆಯ ಎರಡನೆಯ ಬೆಂಚು. ನಾಲ್ಕನೆಯ ಸಾಲಿಗೆ ಅಕ್ಕನ ಹೆಸರು ಬರೆಯಹೋಗಿ ನಿಲ್ಲಿಸಿದೆ. ಅವಳು ಹೇಳಿದ್ದು ಎರಡನೆಯವಳಾಗಿ. ನಿಯಮದ ಪ್ರಕಾರ ಆ ಚೀಟಿ ಲೆಕ್ಕಕ್ಕೆ ಬಾರದು. ಆದರೂ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ‘ಹೇಳಿದವರು’ ಎಂಬಲ್ಲಿ ಜಾಗ ಬಿಟ್ಟು.